ಅಕ್ಕ ಹೊರಗಿದ್ದ ಹಬ್ಬಗಳು

ಖಾರಘರ
೧೪ ಜುಲೈ ೨೦೨೫

ಗಂಗಕ್ಕನಿಗೆ ಹೃಷೀಕೇಶನ ನಮಸ್ಕಾರಗಳು. ನಿನಗೆ ತಿಳಿಸಬೇಕಾದ ಸಂಗತಿಗಳನ್ನು ಕ್ರಮವಾಗಿ ಬರೆದಿದ್ದೇನೆ.

೧. ಡೊಂಬಿವ್ಲಿಯ ಮನೆಗೆ ಬೀಗ ಹಾಕಿ, ಖಾರಘರದಲ್ಲಿ ಒಂದು ಬಾಡಿಗೆ ಮನೆಗೆ ಬಂದಿದ್ದೇವೆ. ಕಿಟಕಿಯಿಂದ ಗುಡ್ಡ ಕಾಣುತ್ತದೆ. ಶ್ರೀಲಕ್ಷ್ಮಿಗೆ ಮನೆ ಹಿಡಿಸಿದೆ.

೨. ಇಲ್ಲಿಯ ಸಂಶೋಧನಾ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರಿನ ವಿರುದ್ಧ ಹೊಸ ಲಸಿಕೆಯ ಪ್ರಯೋಗ ನಡೆಯುತ್ತಿದೆ. ಅದರಲ್ಲಿ ನನ್ನನ್ನು ಸೇರಿಸಿಕೊಂಡಿದ್ದಾರೆ.

೩. ಇದು ಡಿಎನ್‌ಎ ಲಸಿಕೆ. ತೋಳಿನ ಸ್ನಾಯುವಿಗೆ ಚುಚ್ಚಿ, ಅದೇ ಜಾಗಕ್ಕೆ ಕ್ಷಣಕಾಲ ವಿದ್ಯುತ್ತಿನ ಸಣ್ಣ ಮಿಡಿತ ಕೊಡುತ್ತಾರೆ. ಆಗ ಜೀವಕೋಶಗಳ ಹೊದಿಕೆ ತುಸು ತೆರೆದುಕೊಂಡು ಲಸಿಕೆ ಒಳಗೆ ಹೋಗುತ್ತದೆ. ನೋವು ಸಹಿಸುವಂಥದ್ದು.

೪. ಶಹಾಡಿನ ಕಾರ್ಖಾನೆಯಿಂದ ದೀರ್ಘ ರಜೆ ಪಡೆದಿದ್ದೇನೆ. ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ನನ್ನ ಕೆಲಸವನ್ನು ಸದ್ಯಕ್ಕೆ ತಾರಾನಾಥ ನೋಡಿಕೊಳ್ಳುತ್ತಾನೆ.

೫. ಮಗ ಮನೀಶ ಪುಣೆಯ ಹಾಸ್ಟೆಲಿನಲ್ಲಿದ್ದಾನೆ. ಓದು ಸರಿಯಾಗಿ ನಡೆದಿದೆ.

ಇಷ್ಟನ್ನು ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ಈಚೆಗೆ ನಾನು ಹೇಳುವ ಪ್ರತಿಯೊಂದಕ್ಕೂ ನೀನು “ಹೌದು, ಹೌದು” ಎನ್ನುತ್ತೀಯೆ. ಕೇಳಿಸಿತೋ ಇಲ್ಲವೋ ತಿಳಿಯುವುದಿಲ್ಲ. ವಾಟ್ಸಪ್ಪಿನಲ್ಲಿ ಬರೆದರೆ ಮೊದಲು ಓದುವವಳು ನಿನ್ನ ಮಗಳು. ಆದುದರಿಂದ ಈ ಕಾಗದ.

ಭಾವನವರಿಗೆ ನಮಸ್ಕಾರ, ಅಮೂಲ್ಯಳಿಗೆ ಆಶೀರ್ವಾದ.

ಹೃಷೀಕೇಶ


ಉಲ್ಹಾಸನಗರ
೨೧ ಜುಲೈ ೨೦೨೫

ಚಿರಂಜೀವಿ ಹೃಷೀಕೇಶನಿಗೆ ಗಂಗಕ್ಕನ ಆಶೀರ್ವಾದಗಳು.

ನಂಬರು ಹಾಕಿ ಬರೆದ ನಿನ್ನ ಕಾಗದ ನೋಡಿ ನಿನ್ನ ಭಾವ, “ಇದೆಂತ ಮಾರಾಯ್ತಿ, ತಮ್ಮನ ಕಾಗದವಾ, ಸೊಸೈಟಿಯ ನೋಟೀಸಾ?” ಎಂದು ನಕ್ಕರು. ನನಗೆ ಮಾತ್ರ ಓದಿ ಹೊಟ್ಟೆ ತಣ್ಣಗಾಯಿತು. ಕೊರೊನಾ ಕಾಲದಲ್ಲಿ ಒಂದು ಲಸಿಕೆಗಾಗಿ ಬೆಳಗಿನಿಂದ ಸಾಲು ನಿಂತವರು ನಾವು. ಈಗ ಕ್ಯಾನ್ಸರಿಗೂ ಲಸಿಕೆ ಬಂದು, ಊರಿಗೆಲ್ಲ ಸಿಗುವ ಮೊದಲೇ ನನ್ನ ತಮ್ಮನಿಗೆ ಸಿಗುತ್ತಿದೆ. ಇನ್ನು ಈ ಜನ್ಮದಲ್ಲಿ ನಿನಗೆ ಆ ರೋಗದ ಭಯವಿಲ್ಲ. ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಭಾವ ಸುಮ್ಮನಿರುತ್ತಾರೆಯೇ? ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ಬಂದವರಿಗೆಲ್ಲ ಹೇಳಿದ್ದಾರೆ. ದಿನಾ ಇಡ್ಲಿಗೆ ಬರುವ ಬಟ್ಟೆ ಅಂಗಡಿಯ ಸಿಂಧಿ ಸೇಠ್, “ಭಾಭೀ, ಭಾಯಿ ಕೋ ಬೋಲೋ, ಹಮಾರಾ ಭೀ ನಂಬರ್ ಲಗಾ ದೇ” ಎಂದ. ನಾನು, “ಮೊದಲು ನನ್ನ ಮಗಳದ್ದು, ಆಮೇಲೆ ನಿಮ್ಮದು” ಎಂದೆ. ತಮಾಷೆಯಲ್ಲ ಹೃಷಿ. ಅಮೂಲ್ಯಳಿಗೆ ಒಂದು ಕೊಡಿಸಲಿಕ್ಕೆ ಆಗುತ್ತದೆಯಾ ಎಂದು ಡಾಕ್ಟರರನ್ನು ಕೇಳು. ನನಗೆ ಬೇಡ. ಇಷ್ಟು ವರ್ಷ ಬಾರದ್ದು ಇನ್ನೆಂತ ಬರುತ್ತದೆ.

ನಿನ್ನ ಮುಖ ನೋಡದೆ ಎಷ್ಟು ಕಾಲವಾಯಿತು. ಡೊಂಬಿವ್ಲಿಯಲ್ಲಿದ್ದಾಗಲೂ ಬರಲಿಲ್ಲ, ಈಗ ಇನ್ನೂ ದೂರ ಹೋಗಿ ಕೂತಿದ್ದೀ. ನಾನೇ ಬರುತ್ತಿದ್ದೆ. ಆದರೆ ಠಾಣೆಯಲ್ಲಿ ಗಾಡಿ ಬದಲಿಸಿ, ಅಷ್ಟು ಹೊತ್ತು ನಿಂತು ಬರುವುದು ಈಗ ಆಗುವುದಿಲ್ಲ. ಬೇಗ ಸುಸ್ತಾಗುತ್ತದೆ. ಚೌತಿಗೆ ನೀನೇ ಬಾ. ಲಕ್ಷ್ಮಿಯನ್ನೂ ಕರೆದುಕೊಂಡು ಬಾ.

ನಿನ್ನ ಅಕ್ಕ
ಗಂಗಾ


ಖಾರಘರ
೨೯ ಜುಲೈ ೨೦೨೫

ಅಕ್ಕ,

ನೀನು ತಪ್ಪು ತಿಳಿದಿದ್ದೀಯೆ. ತಪ್ಪು ನಿನ್ನದಲ್ಲ; ಲಸಿಕೆ ಎಂಬ ಪದದ್ದು. ರೋಗ ಬಾರದಿರಲೆಂದು ಕೊಡುವುದೇ ಲಸಿಕೆ ಎಂದು ನಾವೆಲ್ಲರೂ ತಿಳಿದಿದ್ದೇವೆ. ಈ ಲಸಿಕೆಯನ್ನು ಕೊಡುವುದು ರೋಗ ಬಂದವರಿಗೆ.

ನನಗೆ ಬಂದಿದೆ. ಡಿಸೆಂಬರಿನಲ್ಲಿ ತರಬೇತಿಗಾಗಿ ಗುಜರಾತಿಗೆ ಹೋಗುತ್ತೇನೆ ಎಂದಿದ್ದೆ. ಆಗ ನಾನು ಠಾಣೆಯ ಆಸ್ಪತ್ರೆಯಲ್ಲಿದ್ದೆ. ದೊಡ್ಡ ಕರುಳಿನ ಒಂದು ಭಾಗವನ್ನು ತೆಗೆದರು. ಅನಂತರ ಔಷಧಿಯ ಚಿಕಿತ್ಸೆ ನಡೆಯಿತು. ತೆಗೆದ ಗೆಡ್ಡೆಯ ಡಿಎನ್‌ಎಯನ್ನು ಓದಿ, ಅದರಲ್ಲಿ ಮಾತ್ರ ಇದ್ದು ನನ್ನ ಉಳಿದ ದೇಹದಲ್ಲಿ ಇಲ್ಲದ ಗುರುತುಗಳನ್ನು ಆರಿಸಿ, ಅವುಗಳಿಂದ ನನಗೆಂದೇ ಈ ಲಸಿಕೆಯನ್ನು ತಯಾರಿಸಿದ್ದಾರೆ. ಗೆಡ್ಡೆಯ ಕಣಗಳು ಎಲ್ಲಿಯಾದರೂ ಉಳಿದಿದ್ದರೆ ನನ್ನ ದೇಹವೇ ಗುರುತಿಸಿ ನಾಶಮಾಡಲಿ ಎಂಬುದು ಉದ್ದೇಶ. ಫಲಿಸುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಪ್ರಯೋಗವೆಂದರೆ ಅದೇ.

ನಾನು ಬಹಳ ಇಳಿದಿದ್ದೇನೆ. ಆದುದರಿಂದಲೇ ಬರುತ್ತಿಲ್ಲ.

(ಇದನ್ನು ಅಂಚೆಗೆ ಹಾಕುವುದಿಲ್ಲ. ಅವಳು ದೀಪ ಹಚ್ಚಿದ್ದಾಳೆ.)


ಖಾರಘರ
೫ ಆಗಸ್ಟ್ ೨೦೨೫

ಗಂಗಕ್ಕನಿಗೆ ನಮಸ್ಕಾರಗಳು.

ಅಮೂಲ್ಯಳ ವಿಷಯ ವಿಚಾರಿಸಬೇಕಾದ ಅಗತ್ಯವಿಲ್ಲ. ಈ ಲಸಿಕೆಯನ್ನು ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ತಯಾರಿಸುತ್ತಾರೆ. ನನ್ನದು ಇನ್ನೊಬ್ಬರಿಗೆ ಉಪಯೋಗಕ್ಕೆ ಬಾರದು.

ಮೊದಲ ಚುಚ್ಚುಮದ್ದು ಆಯಿತು. ತೋಳು ಬಾತು ಒಂದು ದಿನ ಜ್ವರ ಬಂದಿತ್ತು, ಅದು ನಿರೀಕ್ಷಿತ. ಚೌತಿಗೆ ಬರಲು ಆಗಲಾರದು, ತಪಾಸಣೆಯಿದೆ. ಭಾವನವರಿಗೆ ತಿಳಿಸು. ಸುಸ್ತು ಎಂದು ಬರೆದಿದ್ದೀಯೆ. ಹೋಟೆಲಿನ ಅಡುಗೆಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಡ.

ಹೃಷೀಕೇಶ


ಉಲ್ಹಾಸನಗರ
೮ ಸೆಪ್ಟೆಂಬರ್ ೨೦೨೫

ಚಿರಂಜೀವಿ ಹೃಷೀಕೇಶನಿಗೆ ಆಶೀರ್ವಾದಗಳು.

ನಿನ್ನ ಮೇಲೆ ಸಿಟ್ಟು ಬಂದು ಇಷ್ಟು ದಿನ ಬರೆಯಲಿಲ್ಲ. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ನಿನಗೊಬ್ಬನಿಗೇ ಲಸಿಕೆ, ನಮ್ಮ ಹುಡುಗಿಗೆ ಇಲ್ಲ. ಸಿಟ್ಟು ಈಗ ಇಳಿದಿದೆ. ನಿನಗಾದರೂ ಸಿಕ್ಕಿತಲ್ಲ.

ಚೌತಿಗೆ ನೀನು ಬರಲಿಲ್ಲ. ಬಂದಿದ್ದರೂ ನನ್ನ ಕೈಯ ಮೋದಕ ಸಿಗುತ್ತಿರಲಿಲ್ಲ. ನಾನು ಹೊರಗಿದ್ದೆ. ನೈವೇದ್ಯಕ್ಕೆ ಎಲ್ಲವನ್ನೂ ಅಮೂಲ್ಯಳೇ ಮಾಡಿದಳು. ಮೋದಕ ಒಡೆದು ಬೆಲ್ಲವೆಲ್ಲ ಇಡ್ಲಿ ಪಾತ್ರೆಯಲ್ಲಿ. ಅವಳ ಅಪ್ಪ, “ಪರವಾಗಿಲ್ಲ ಬಿಡು, ಗಣಪತಿಗೆ ಇವತ್ತು ಪಾಯಸ” ಎಂದರು.

ಅನಂತನ ಪೂಜೆಗೆ ಬಂದ ರಮಾಕಾಂತ ಭಟ್ಟರಿಗೆ ನಿನ್ನ ಲಸಿಕೆಯ ವಿಷಯ ಭಾವ ಹೇಳಿದರು. ಭಟ್ಟರ ಮುಖ ಸಣ್ಣದಾಯಿತು. “ಡಿಎನ್‌ಎ ಅಂದ್ರೆ ವಂಶದ ಬೀಜ ಅಲ್ವಾ? ಹೊರಗಿನದ್ದು ಒಳಗೆ ಹಾಕಿಸಿಕೊಂಡ ಮೇಲೆ ಅವನು ಬಿಟ್ಟ ತರ್ಪಣ ಯಾರಿಗೆ ಮುಟ್ಟುವುದು?” ಎಂದು ಕೇಳಿದರು. ನಿನ್ನ ಭಾವ ಬಿಡುವವರಲ್ಲ. “ಭಟ್ರೇ, ಆಪರೇಶನ್ನಿನಲ್ಲಿ ನಿಮಗೆ ರಕ್ತ ಕೊಟ್ರಲ್ಲ, ಅದು ಯಾವ ಗೋತ್ರದ್ದು?” ಭಟ್ಟರು ದಕ್ಷಿಣೆ ತೆಗೆದುಕೊಂಡು ಹೋದರು.

ನನಗೂ ಒಳಗೊಳಗೆ ಪುಕುಪುಕು. ಗೋತ್ರ ಕೆಡುವಂಥದ್ದು ಏನೂ ಇಲ್ಲವಷ್ಟೆ? ಮನೀಶನಿಗೆ ಮುಂದೆ ತೊಂದರೆಯಾಗಬಾರದು.

ಗಂಗಾ


ಖಾರಘರ
೧೮ ಸೆಪ್ಟೆಂಬರ್ ೨೦೨೫

ಗಂಗಕ್ಕನಿಗೆ ನಮಸ್ಕಾರಗಳು.

ಮೊದಲು ಭಟ್ಟರ ಪ್ರಶ್ನೆಗೆ ಉತ್ತರ. ಲಸಿಕೆಯಲ್ಲಿರುವ ಡಿಎನ್‌ಎ, ಹೋಟೆಲಿನ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿಯ ಹಾಗೆ. ಒಳಗಿರುವವರು ಚೀಟಿ ನೋಡಿ ಆ ಪದಾರ್ಥವನ್ನು ಮಾಡುತ್ತಾರೆ. ಅದನ್ನು ಕಂಡು ದೇಹದ ರಕ್ಷಕ ಕಣಗಳು ಗುರುತು ಇಟ್ಟುಕೊಳ್ಳುತ್ತವೆ. ಚೀಟಿ ಆಮೇಲೆ ಕಸದ ಬುಟ್ಟಿಗೆ ಹೋಗುತ್ತದೆ. ಚೀಟಿ ಬಂತೆಂದು ಹೋಟೆಲಿನ ಮಾಲಿಕರು ಬದಲಾಗುವುದಿಲ್ಲ. ಗೋತ್ರಕ್ಕೆ ಏನೂ ಆಗದು.

ಚೌತಿಯಲ್ಲಿ ಎಲ್ಲಿಗೆ ಹೋಗಿದ್ದೆ? ಉಡುಪಿಗೆ ಹೋಗಿದ್ದರೆ ತಿಳಿಸಬಹುದಿತ್ತು. ಸುಸ್ತು ಎನ್ನುವವಳು ಹಬ್ಬದ ದಿನ ಮನೆ ಬಿಟ್ಟು ಹೋದದ್ದು ನನಗೆ ಅರ್ಥವಾಗಲಿಲ್ಲ.

ಈಗ ಮುಖ್ಯ ವಿಷಯ. ಲಸಿಕೆಗಾಗಿ ನನ್ನ ರಕ್ತದ ಡಿಎನ್‌ಎಯನ್ನೂ ಓದಿದ್ದರು. ಅದರಲ್ಲಿ ಒಂದು ದೋಷ ಕಂಡು, ಬೇರೆ ಪ್ರಯೋಗಾಲಯದಲ್ಲಿ ಮತ್ತೊಮ್ಮೆ ನೋಡಿ ಖಚಿತಪಡಿಸಿದ್ದಾರೆ. ಜೀವಕೋಶವು ಒಂದು ಎರಡಾಗುವಾಗ ಡಿಎನ್‌ಎಯ ನಕಲು ತೆಗೆಯುತ್ತದೆ. ನಕಲಿನಲ್ಲಿ ಬಿದ್ದ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಎಲ್ಲರಲ್ಲಿಯೂ ಇದೆ. ನನ್ನಲ್ಲಿ ಅದರ ಒಂದು ಭಾಗ ಹುಟ್ಟಿನಿಂದಲೇ ಸರಿಯಿಲ್ಲ. ಹೀಗಿರುವವರಿಗೆ ಕರುಳು ಮತ್ತು ಇತರ ಕೆಲವು ಅಂಗಗಳ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು.

ಇದು ಅಮ್ಮನ ಕಡೆಯಿಂದ ಬಂದಿರಬೇಕು. ಮಾವ ಹೊಟ್ಟೆಯ ಬೇನೆಯಿಂದ ಹೋದರು. ಅಮ್ಮ ರಕ್ತ ಕಡಿಮೆಯಾಗಿ ಹೋದಳು ಎನ್ನುತ್ತಿದ್ದರು. ಕಡಿಮೆಯಾಗಲು ಕಾರಣವೇನೆಂದು ಯಾರೂ ಕೇಳಲಿಲ್ಲ.

ವಂಶವಾಹಿಗಳ ಬಗ್ಗೆ ಸಲಹೆ ಕೊಡುವ ರಮಿತಾ ಎಂಬವರು ಇಲ್ಲಿದ್ದಾರೆ. ನಮ್ಮ ಊರಿನ ಕಡೆಯವರು, ಹುಟ್ಟಿದ್ದು ಕಲ್ಯಾಣದಲ್ಲಿ. “ಸರ್, ಅಕ್ಕನಿಗೆ ಹೇಳಿದ್ರಾ?” ಎಂದು ಕಂಡಾಗಲೆಲ್ಲ ಕೇಳುತ್ತಾರೆ. ನೋಡೋಣ ಎಂದರೆ, “ನೋಡೋಣ ಅಲ್ಲ ಸರ್, ಬತಾನಾ ಪಡೇಗಾ, ಹೇಳಲೇಬೇಕು. ಇದು ನಿಮ್ಮೊಬ್ಬರ ರಿಪೋರ್ಟ್ ಅಲ್ಲ” ಎನ್ನುತ್ತಾರೆ. ಅವರ ಮಾತು ಸರಿ. ನಿನ್ನಲ್ಲಿಯೂ ಈ ದೋಷ ಇರುವ ಸಾಧ್ಯತೆ ಅರ್ಧಕ್ಕರ್ಧ. ಒಂದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ದಯವಿಟ್ಟು ಮಾಡಿಸಿಕೋ.

ಹೃಷೀಕೇಶ


ಉಲ್ಹಾಸನಗರ
೩ ಅಕ್ಟೋಬರ್ ೨೦೨೫

ಚಿರಂಜೀವಿ ಹೃಷೀಕೇಶನಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ಮನೀಶನ ಚಿಂತೆ ಹಿಡಿಯಿತು. ನಿನಗೆ ಹೇಗೂ ಲಸಿಕೆಯಾಗಿದೆ, ನೀನು ಗೆದ್ದೆ. ಆ ಹುಡುಗನಿಗೆ ಬೇಗ ಒಂದು ಮಾಡಿಸು. ನಮ್ಮ ಚಿಂತೆ ಮಾಡಬೇಡ.

ನೀನು ಇಷ್ಟು ಓದಿದವನು, ಒಂದು ಸಣ್ಣ ವಿಷಯ ಮರೆತಿದ್ದೀ. ಧಾರೆ ಎರೆದ ದಿನವೇ ನಾನು ಈ ಮನೆಯ ಗೋತ್ರಕ್ಕೆ ಬಂದವಳು. ಅಪ್ಪ ಹೋದಾಗ ನಿನಗೆ ಹತ್ತು ದಿನದ ಸೂತಕ, ನನಗೆ ಮೂರೇ ದಿನ. ಸೂತಕವೇ ಪೂರ್ತಿ ಮುಟ್ಟದವಳಿಗೆ ರೋಗ ಹೇಗೆ ಮುಟ್ಟುತ್ತದೆ? ಇನ್ನು ಅಮೂಲ್ಯಾ ಹುಟ್ಟಿದ್ದೇ ಈ ಗೋತ್ರದಲ್ಲಿ. ಅವಳಿಗೆ ನಿನ್ನ ಕಾಗದ ತೋರಿಸಿಲ್ಲ. ಠಾಣೆಯ ಕಡೆಯ ಒಂದು ಸಂಬಂಧ ಬಂದಿದೆ, ಹುಡುಗ ಬ್ಯಾಂಕಿನಲ್ಲಿದ್ದಾನೆ. ಈಗ ರಕ್ತ ಪರೀಕ್ಷೆ, ಕ್ಯಾನ್ಸರ್ ಎಂಬ ಮಾತು ಎದ್ದರೆ ಅವರು ಮೆಟ್ಟಿಲು ಹತ್ತುವುದಿಲ್ಲ. ದಯಮಾಡಿ ಈ ವಿಷಯ ಇಲ್ಲಿಗೆ ಬಿಡು.

ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ್ದೀ, ಓದಿ ನಗು ಬಂತು. ಎಲ್ಲಿಗೆ ಹೋಗಲಿ ಮಾರಾಯ, ಇಲ್ಲಿಯೇ ಇದ್ದೆ. ಹೊರಗಿದ್ದೆ ಎಂದೆ ಅಷ್ಟೆ. ನವರಾತ್ರಿಯಲ್ಲೂ ಅದೇ ಕಥೆ. ದೇವರ ಕೋಣೆಯ ಬಾಗಿಲಲ್ಲಿ ನಿಂತು ಅಮೂಲ್ಯಳಿಗೆ, “ಅದು ತೆಗೆ, ಇದು ಇಡು” ಎಂದು ಹೇಳುವುದೇ ನನ್ನ ಪೂಜೆ. ಈ ವರ್ಷ ದೇವಿಗೆ ನನ್ನ ಮುಖ ನೋಡುವ ಮನಸ್ಸಿಲ್ಲವೆಂದು ಕಾಣುತ್ತದೆ.

ದೀಪಾವಳಿಗೆ ಬಾ. ನಿನಗಿಷ್ಟವೆಂದು ಚಕ್ಕುಲಿ ಮಾಡಿಡುತ್ತೇನೆ.

ಗಂಗಾ


ಖಾರಘರ
೭ ಅಕ್ಟೋಬರ್ ೨೦೨೫

ಗಂಗಕ್ಕನಿಗೆ ಹೃಷೀಕೇಶನ ನಮಸ್ಕಾರಗಳು.

ನಿನ್ನ ಕಾಗದ ಈ ಬೆಳಿಗ್ಗೆ ಬಂತು. ಓದಿ ನನಗೆ ಸ್ವಲ್ಪ ಬೇಸರವಾಗಿತ್ತು. ಶ್ರೀಲಕ್ಷ್ಮಿ ಸೊಪ್ಪು ಬಿಡಿಸುತ್ತ ಕುಳಿತಿದ್ದಳು. ಎಲ್ಲಿಗೆ ಹೋಗಿದ್ದಳೆಂದು ಕೇಳಿದರೆ ಅಕ್ಕ ನಗುತ್ತಾಳೆ, ಹೇಳುವುದಿಲ್ಲ ಎಂದೆ. ಅವಳು ಕಾಗದವನ್ನು ತೆಗೆದುಕೊಂಡು ಓದಿದಳು.

“ಇಂಜಿನಿಯರ್ ಸಾಹೇಬ್ರೇ,” ಎಂದಳು, “ಹೊರಗಿದ್ದೆ ಅಂದ್ರೆ ಊರಿಗೆ ಹೋದದ್ದು ಅಂತ ತಿಳ್ಕೊಂಡ್ರಾ? ಹೊರಗೆ ಕೂರುವುದು ಅಂದ್ರೆ ಎಂತ ಅಂತ ನಿಮ್ಮ ಅಮ್ಮನ ಮನೆಯಲ್ಲಿ ನೋಡ್ಲಿಲ್ವಾ ನೀವು?”

“ತಿಂಗಳಿನದ್ದು. ಅದು ನನಗೂ ಗೊತ್ತುಂಟು. ಆದರೆ ಅಕ್ಕನಿಗೆ ಐವತ್ತೇಳು.”

“ಹೌದಲ್ಲ,” ಎಂದಳು. ಅವಳ ಮುಖದ ನಗು ಹೋಯಿತು. “ಐವತ್ತೇಳಕ್ಕೆ ಎಂತ ಹೊರಗೆ?”

ಆಮೇಲೆ ನಾನು ನಿನಗೆ ಬರೆದ ಕಾಗದದಲ್ಲಿ ಏನೇನು ಹೇಳಿದ್ದೆನೆಂದು ಕೇಳಿದಳು. ಹೇಳಿದೆ. “ಇತರ ಕೆಲವು ಅಂಗಗಳು ಅಂದ್ರೆ ಯಾವುದು? ಹೆಸರು ಬರೆದ್ರಾ?” ಎಂದಳು. ಬರೆದಿಲ್ಲ ಎಂದೆ. “ನೀವು ಅಕ್ಕ ತಮ್ಮ ಇಬ್ಬರೂ ಸರಿ ಉಂಟು. ಒಬ್ಬರಿಗೆ ಬರೆಯಲಿಕ್ಕೆ ನಾಚಿಕೆ, ಇನ್ನೊಬ್ಬರಿಗೆ ಹೇಳಲಿಕ್ಕೆ ನಾಚಿಕೆ. ಮರ್ಯಾದೆಯಲ್ಲೇ ಸಾಯಿರಿ.”

ಅವಳು ಹೇಳಿದ್ದು ಸರಿ. ಆದುದರಿಂದ ಬರೆಯುತ್ತೇನೆ. ಆ ಅಂಗ ಗರ್ಭಕೋಶ. ಈ ದೋಷವಿರುವ ಹೆಂಗಸರಲ್ಲಿ ಗರ್ಭಕೋಶದ ಕ್ಯಾನ್ಸರಿನ ಸಾಧ್ಯತೆ ಕರುಳಿನದ್ದಕ್ಕಿಂತ ಕಡಿಮೆಯೇನಲ್ಲ. ತಿಂಗಳಿನದ್ದು ನಿಂತು ವರ್ಷಗಳಾದ ಮೇಲೆ ರಕ್ತ ಕಂಡರೆ, ಅದು ಹೊರಗೆ ಕೂರುವ ಸಂಗತಿಯಲ್ಲ. ವೈದ್ಯರಿಗೆ ತೋರಿಸುವ ಸಂಗತಿ. ನಿನಗೆ ಕ್ಯಾನ್ಸರ್ ಇದೆ ಎಂದು ನಾನು ಹೇಳುತ್ತಿಲ್ಲ. ಬೇರೆ ಕಾರಣಗಳೂ ಇರಬಹುದು. ರಮಿತಾ ಅವರಿಗೆ ಫೋನು ಮಾಡಿ ಕೇಳಿದೆ. ಅವರು ಹೇಳಿದ್ದೂ ಇಷ್ಟೇ: ನೋಡದೆ ತಿಳಿಯುವುದಿಲ್ಲ, ನೋಡಲು ತಡಮಾಡಬಾರದು. ಒಂದು ವೇಳೆ ಅದೇ ಆಗಿದ್ದರೂ, ರಕ್ತ ಕಂಡ ಕೂಡಲೇ ಬಂದವರಲ್ಲಿ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತದೆ.

ಗೋತ್ರದ ವಿಷಯ. ಅಮ್ಮ ಅಪ್ಪನ ಗೋತ್ರಕ್ಕೆ ಬಂದಳು, ನೀನು ಭಾವನ ಗೋತ್ರಕ್ಕೆ ಹೋದೆ. ಆದರೆ ನಿನ್ನ ಮೂಗು ಅಮ್ಮನದು, ನಗು ಅಮ್ಮನದು. ಧಾರೆಯ ನೀರು ಅವುಗಳನ್ನು ಬದಲಿಸಲಿಲ್ಲ. ಇದೂ ಹಾಗೆಯೇ. ಸೂತಕದ ಲೆಕ್ಕ ಬೇರೆ, ರಕ್ತದ ಲೆಕ್ಕ ಬೇರೆ. ಅಮೂಲ್ಯಾ ಯಾವ ಗೋತ್ರದಲ್ಲಿ ಹುಟ್ಟಿದರೂ ಅರ್ಧ ನಿನ್ನಿಂದ ಬಂದವಳು. ನಿನ್ನಲ್ಲಿ ದೋಷವಿಲ್ಲವೆಂದಾದರೆ ಅವಳ ಚಿಂತೆ ಇಲ್ಲಿಗೇ ಮುಗಿಯುತ್ತದೆ. ಸಂಬಂಧದವರಿಗೆ ಏನು ಹೇಳಬೇಕು, ಹೇಳಬೇಕೋ ಬೇಡವೋ, ಅದನ್ನು ಅವಳೇ ತೀರ್ಮಾನಿಸಲಿ. ಅವಳಿಗೆ ಇಪ್ಪತ್ತೊಂಬತ್ತು ವರ್ಷ.

ಇನ್ನೊಂದು ವಿಷಯವನ್ನು ನಾನು ಮರೆಮಾಚಿದ್ದೇನೆ. ನನ್ನ ಮೊದಲ ಕಾಗದದ ಐದು ಸಂಗತಿಗಳೂ ನಿಜ. ಅವುಗಳನ್ನು ಓದಿ ನೀನು ತಿಳಿದದ್ದು ಸುಳ್ಳು. ಅದನ್ನು ಸುಳ್ಳಾಗಿಯೇ ಉಳಿಯಗೊಟ್ಟವನು ನಾನು. ಆ ಲಸಿಕೆ ರೋಗ ಬಾರದಿರಲೆಂದು ಕೊಟ್ಟದ್ದಲ್ಲ. ನನಗೆ ಕರುಳಿನ ಕ್ಯಾನ್ಸರ್ ಬಂದಿತ್ತು. ಡಿಸೆಂಬರಿನಲ್ಲಿ ಗುಜರಾತಿಗೆ ಹೋಗಿರಲಿಲ್ಲ, ಠಾಣೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ನೀನು ದೀಪ ಹಚ್ಚಿದ್ದೇನೆಂದು ಬರೆದಾಗ ತಿದ್ದುವ ಧೈರ್ಯ ಬರಲಿಲ್ಲ. ನಿನ್ನ ಸಂತೋಷವನ್ನು ಉಳಿಸುತ್ತಿದ್ದೇನೆ ಎಂದುಕೊಂಡೆ. ಆದರೆ ಅದರಿಂದಾಗಿಯೇ ಕಳೆದ ಕಾಗದದಲ್ಲಿ ನಾನು ಬರೆದ ಅಪಾಯವು ನಿನಗೆ ಯಾರದೋ ಕಥೆಯಂತೆ ಕಂಡಿತು. ನನಗೇ ಬಂದಿದೆ ಎಂದು ಗೊತ್ತಿದ್ದರೆ ನೀನು ಗೋತ್ರದ ಮಾತನ್ನು ಎತ್ತುತ್ತಿರಲಿಲ್ಲ.

ಸದ್ಯದ ಸ್ಥಿತಿ ಹೀಗಿದೆ. ಕಳೆದ ತಪಾಸಣೆಯಲ್ಲಿ ಗೆಡ್ಡೆ ಮರಳಿ ಕಾಣಿಸಲಿಲ್ಲ. ಲಸಿಕೆಯಲ್ಲಿದ್ದ ಗುರುತುಗಳನ್ನು ಹಿಡಿಯುವ ಕಣಗಳು ನನ್ನ ರಕ್ತದಲ್ಲಿ ಹೆಚ್ಚಿವೆ. ಅವುಗಳಿಂದಲೇ ಗೆಡ್ಡೆ ಬಂದಿಲ್ಲ ಎಂದು ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ನಕಲು ತಿದ್ದುವ ವ್ಯವಸ್ಥೆ ಕೆಟ್ಟವರ ಗೆಡ್ಡೆಯಲ್ಲಿ ತಪ್ಪುಗಳು ಬಹಳವಾಗಿರುವುದರಿಂದ, ದೇಹಕ್ಕೆ ಅದನ್ನು ಬೇರೆಯೆಂದು ಗುರುತಿಸಲು ಅನುಕೂಲವಂತೆ. ಈ ಒಂದು ಮಾತು ನನಗೆ ಸಮಾಧಾನ ಕೊಟ್ಟಿದೆ. ನಿನಗೂ ಕೊಡಲಿ.

ಮನೀಶನಿಗೆ ಸಂಜೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. “ಪಪ್ಪಾ, ಅತ್ತೇಕೋ ಬೋಲಾ ಕ್ಯಾ?” ಎಂದು, ನಿನಗೆ ಹೇಳಿದೆನೋ ಎಂದು ಕೇಳಿದ. ಇನ್ನೂ ಇಲ್ಲ ಎಂದೆ. “ತೋ ಮೇರೇಕೋ ಕ್ಯೂಂ ಪೆಹಲೇ ಬೋಲಾ?” ಎಂದ. ಅತ್ತೆಗಿಂತ ಮೊದಲು ತನಗೇಕೆ ಹೇಳಿದ್ದೆಂದು ಅವನ ಪ್ರಶ್ನೆ.

ಅಂಚೆಗೆ ಹಾಕಿದರೆ ಇದು ನಿನ್ನ ಕೈಸೇರಲು ವಾರವಾಗಬಹುದು. ಆದುದರಿಂದ ಹಾಕುವುದಿಲ್ಲ. ನಾಳೆ ಬೆಳಿಗ್ಗೆ ಶ್ರೀಲಕ್ಷ್ಮಿಯೂ ನಾನೂ ಠಾಣೆಯ ಮೂಲಕ ಉಲ್ಹಾಸನಗರಕ್ಕೆ ಬಂದು ಇದನ್ನು ನಿನ್ನ ಕೈಗೆ ಕೊಡುತ್ತೇವೆ. ನನ್ನನ್ನು ಕಂಡು ಗಾಬರಿಯಾಗಬೇಡ. ಇಳಿದಿದ್ದೇನೆ, ಆದರೆ ನಡೆಯಬಲ್ಲೆ. ನೀನು ಓದಿ ಮುಗಿಸುವ ತನಕ ಎದುರಿಗೆ ಕುಳಿತಿರುತ್ತೇನೆ. ಭಾವನವರಿಗೆ ನಾನೇ ಹೇಳುತ್ತೇನೆ.

ಗುರುವಾರ ಖಾರಘರದಲ್ಲಿ ಸ್ತ್ರೀರೋಗ ತಜ್ಞೆಯೊಬ್ಬರು ನಿನ್ನನ್ನು ನೋಡಲು ಒಪ್ಪಿದ್ದಾರೆ. ಅದೇ ದಿನ ನನ್ನ ಚುಚ್ಚುಮದ್ದು ಇತ್ತು. ಎರಡು ದಿನ ಮುಂದಕ್ಕೆ ಹಾಕಬಹುದೆಂದು ವೈದ್ಯರು ಹೇಳಿದ್ದರಿಂದ ಹಾಕಿಸಿದ್ದೇನೆ. ನಾಳೆ ನಿನ್ನನ್ನು ನಮ್ಮ ಮನೆಗೆ ಕರೆದುಕೊಂಡು ಬರಲು, ಗುರುವಾರ ನಿನ್ನ ಜೊತೆಯಲ್ಲಿಯೇ ಇರಲು ನಿರ್ಧರಿಸಿದ್ದೇನೆ.

ಹೃಷೀಕೇಶ